ಹೆಸರು ಬರೆದರೆ ಸಾಕೆಂದುಕೊಂಡರು

ನಾನು ಒಂದು ಐಚ್ಛಿಕ ಸೌಲಭ್ಯ. ವೆಬ್‌ಸೈಟ್ ಕಟ್ಟುವವರು ಬಳಸುವ ಒಂದು ಲೈಬ್ರರಿಯೊಳಗೆ ಹುಟ್ಟಿದವನು. ಈ ಲೈಬ್ರರಿ ಪುಸ್ತಕಗಳ ಮನೆಯಲ್ಲ. ಯಾರೋ ಮೊದಲೇ ಬರೆದಿಟ್ಟ ಕೋಡಿನ ಗಂಟು. ಅದನ್ನು ತಂದು ತಮ್ಮ ಕೋಡಿನ ಜೊತೆ ಸೇರಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ನನ್ನ ಕೆಲಸ ಮಡಚುವುದು. ಸರ್ವರಿನಿಂದ ಹೊರಡುವ ಪುಟವನ್ನು ಸೀರೆ ಮಡಚಿದ ಹಾಗೆ ಚಿಕ್ಕದಾಗಿ ಮಡಚಿ ಕಳಿಸುತ್ತೇನೆ, ಆ ತುದಿಯಲ್ಲಿ ಫೋನು ಬಿಚ್ಚಿಕೊಳ್ಳುತ್ತದೆ. ಸಿಗ್ನಲ್ ಚೆನ್ನಾಗಿರುವವರಿಗೆ ನಾನಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸಿಗ್ನಲ್ ಇಲ್ಲದವರಿಗೆ ನಾನೇ ಗತಿ.

ನನ್ನನ್ನು ಬರೆದವರು ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಮಹಾಶಯರು. ಹುಟ್ಟಿದ ಕೂಡಲೇ ನನ್ನ ವಿಚಾರದಲ್ಲಿ ಜಗಳ ಶುರುವಾಯಿತು. ಇದನ್ನು ಎಲ್ಲರಿಗೂ ಕೊಟ್ಟರೆ ಬಿಲ್ಡ್, ಅಂದರೆ ಕೋಡನ್ನೆಲ್ಲ ಜೋಡಿಸಿ ವೆಬ್‌ಸೈಟ್ ಸಿದ್ಧಮಾಡುವ ಕೆಲಸ, ನಿಧಾನವಾಗುತ್ತದೆ, ಬೇಕಾದವರು ಕೇಳಿ ಪಡೆಯಲಿ ಎಂದು ಒಬ್ಬ. ಎಲ್ಲರಿಗೂ ಇರಲಿ ಎಂದ ಇನ್ನೊಬ್ಬ ಬೇಗನೆ ಸೋತ. ಇಬ್ಬರ ಮನೆಯಲ್ಲೂ ನೆಟ್‌ವರ್ಕ್ ಗಾಳಿಯ ಹಾಗೆ ಓಡುತ್ತಿತ್ತು. ಅಂಥವರಿಗೆ ನನ್ನ ಅಗತ್ಯ ಹೇಗೆ ತಿಳಿಯಬೇಕು? ನನ್ನನ್ನು ಆಫ್ ಮಾಡಿ ಮೂಲೆಯಲ್ಲಿಟ್ಟರು. ಕೈಪಿಡಿಯಲ್ಲಿ ನನ್ನ ಪಾಲಿಗೆ ಎರಡು ವಾಕ್ಯ ಬಿತ್ತು. ಬಿಲ್ಡ್ ಮಾಡುವ ಮುಂಚೆ ಸೆಟ್ಟಿಂಗ್ಸ್ ಕಡತದಲ್ಲಿ ನನ್ನ ಹೆಸರು ಬರೆಯಿರಿ ಎಂಬುದು ಮೊದಲನೆಯದು. ಆಮೇಲೆ ಕೋಡಿನಲ್ಲಿ, ಪುಟಗಳು ಹೊರಹೋಗುವ ದಾರಿಯಲ್ಲಿ ನನ್ನನ್ನು ನಿಲ್ಲಿಸಿ ಎಂಬುದು ಎರಡನೆಯದು. ಈ ಎರಡನೆಯ ವಾಕ್ಯವನ್ನು ಓದಿದ ಪುಣ್ಯಾತ್ಮರನ್ನು ನಾನು ಬಹಳ ಕಾಲ ಕಾಣಲಿಲ್ಲ.

ಹಾಗೆ ನಾನು ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಗೆ ಬಂದೆ. ಅಲ್ಲಿ ಕೋಡು ಬರೆಯುತ್ತಿದ್ದವನು ರೋಹನ್ ಪತ್ತಾರ. ಕಂಪನಿಯ ಒಡೆಯರು ವಿರೂಪಾಕ್ಷ ಹೂಗಾರ ಸಾಹೇಬರು. ಸಾಹೇಬರಿಗೆ ಕೋಡು ಬರುತ್ತಿರಲಿಲ್ಲ, ಅಭಿಪ್ರಾಯ ಮಾತ್ರ ಧಾರಾಳವಾಗಿ ಬರುತ್ತಿತ್ತು. ರೋಹನ್ ನನ್ನನ್ನು ಹುಡುಕಿ ತಂದವನಲ್ಲ. ಹಿಂದಿನ ಯಾವುದೋ ಮಿಠಾಯಿ ಅಂಗಡಿಯ ವೆಬ್‌ಸೈಟಿನ ಸೆಟ್ಟಿಂಗ್ಸ್ ಕಡತವನ್ನು ಹಾಗೇ ನಕಲು ಹೊಡೆದ. ಅದರಲ್ಲಿ ಲೈಬ್ರರಿಯ ಅಷ್ಟೂ ಐಚ್ಛಿಕ ಸೌಲಭ್ಯಗಳ ಹೆಸರಿತ್ತು. ಯಾವುದು ಯಾಕೆ ಎಂದು ಅವನೂ ಕೇಳಲಿಲ್ಲ, ಅವನ ಹಿಂದಿನವನೂ ಕೇಳಿರಲಿಲ್ಲ. ಬಿಲ್ಡ್ ಒತ್ತಿ ಚಹಾಕ್ಕೆ ಹೋದರೆ, ಕುಡಿದು ಬಂದು ಕ್ರಿಕೆಟ್ ಮಾತಾಡಿದರೂ ಬಿಲ್ಡ್ ಮುಗಿಯುತ್ತಿರಲಿಲ್ಲ. ಅದನ್ನೇ ಅವರು ದೊಡ್ಡ ಪ್ರಾಜೆಕ್ಟಿನ ಲಕ್ಷಣ ಎಂದುಕೊಂಡಿದ್ದರು.

ಹೀಗೆ ನಾನು ಒಳಗೆ ಬಂದೆ, ಆದರೆ ನನಗೆ ಯಾರೂ ಕೆಲಸ ಹೇಳಲಿಲ್ಲ. ಸಾಹೇಬರು ಗಿರಾಕಿಗಳ ಮುಂದೆ, "ನಮ್ಮಲ್ಲಿ ಪುಟ ಮಡಚಿ ಕಳಸೂ ವ್ಯವಸ್ಥಾನೂ ಐತಿ ನೋಡ್ರಿ," ಎಂದು ಬೀಗುತ್ತಿದ್ದರು. ವ್ಯವಸ್ಥೆ ಇದ್ದದ್ದು ನಿಜ. ಅದು ಕೈಕಟ್ಟಿ ಕೂತಿತ್ತು.

ಆ ಸಲದ ಗಿರಾಕಿ ಒಂದು ಧರ್ಮಾರ್ಥ ಆಸ್ಪತ್ರೆ. ಅಲ್ಲಿ ಡಯಾಲಿಸಿಸ್ ಯಂತ್ರಗಳು ಕಡಿಮೆ, ರೋಗಿಗಳು ಹೆಚ್ಚು. ಬೆಳಿಗ್ಗೆ ಎಂಟಕ್ಕೆ ವೆಬ್‌ಸೈಟಿನಲ್ಲಿ ಮರುದಿನದ ಸರದಿ ತೆರೆಯುತ್ತಿತ್ತು. ಮೊದಲು ಒತ್ತಿದವರಿಗೆ ಯಂತ್ರ, ಉಳಿದವರಿಗೆ ಮತ್ತೆ ನಾಳೆ. ರೋಹನ್ ಕಚೇರಿಯ ವೈಫೈಯಲ್ಲಿ ಕೂತು ಪರೀಕ್ಷೆ ಮಾಡಿದ. ಪುಟ ಚಿಟಿಕೆ ಹೊಡೆಯುವಷ್ಟರಲ್ಲಿ ಬಂತು. ಎಲ್ಲರೂ ಕೈ ಕುಲುಕಿದರು, ಪೇಡೆ ತಿಂದರು.

ವಾರ ಕಳೆಯುವ ಮುಂಚೆ ಫೋನು ಬಂತು. ಕಲಘಟಗಿ ಕಡೆಯ ಹಳ್ಳಿಯ ರೇಣವ್ವ ಎಂಬ ಹೆಂಗಸು, ಆಸ್ಪತ್ರೆಯವರಿಂದ ನಂಬರು ಪಡೆದಿದ್ದಳು. ಅವಳ ಗಂಡ ಈರಪ್ಪ ಟೆಂಪೋ ಓಡಿಸುತ್ತಿದ್ದವನು. ಎರಡೂ ಕಿಡ್ನಿ ಕೈಕೊಟ್ಟಿದ್ದವು.

"ಸಾಹೇಬ್ರ, ನಿಮ್ಮ ಪುಟ ತೆರಿಯೂದಿಲ್ರೀ. ನೀರಿನ ಟಾಕಿ ಏರಿ ನಿಂತ್ರೂ ಬರೇ ಚಕ್ರ ತಿರಗತೈತಿ. ಅದು ನಿಲ್ಲೂದ್ರೊಳಗ ಸರದಿ ಎಲ್ಲಾ ಮುಗದಿರತಾವ. ಇವ್ರ ಕಾಲು ಬಾತು ಕುಂಬಳಕಾಯಿ ಆಗ್ಯಾವ್ರೀ."

"ನಮ್ಮ ಕಡೆ ಸರಿ ಬರ್ತೈತಲ್ರೀ," ಎಂದ ರೋಹನ್. ಈ ಕಸುಬಿನವರು ತಾಯಿಯ ಹೊಟ್ಟೆಯಿಂದಲೇ ಕಲಿತು ಬರುವ ಮಾತು ಇದೊಂದು. ನಮ್ಮ ಕಡೆ ಸರಿ ಬರುತ್ತದೆ! ಕಾಯಿಲೆಯವನು ಇರುವುದು ನಿಮ್ಮ ಕಡೆಯೇ?

ಸಾಹೇಬರು ಮಾತ್ರ ಚಕ್ರ ಎಂಬ ಶಬ್ದವನ್ನು ಹಿಡಿದುಕೊಂಡರು. "ಅಲ್ಲೋ, ಕಾಯೂ ಮಂದಿಗೆ ಬ್ಯಾಸರ ಬರ್ತೈತಿ. ಆ ಚಕ್ರ ಭಾಳ ಸಪ್ಪಗೈತಿ. ಬಂಗಾರದ ಬಣ್ಣದ್ದು ಮಾಡು, ನಡುವ ಆಸ್ಪತ್ರಿ ಲಾಂಛನ ಹಾಕು." ಇಡೀ ಕಚೇರಿ ಚಕ್ರಕ್ಕೆ ಬಣ್ಣ ಬಳಿಯುತ್ತ ಕೂತಿತು. ಪುಟ ಇನ್ನಷ್ಟು ಭಾರವಾಯಿತು. ಒಳಗೆ ಕೂತ ನನಗೆ ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ. ಎರಡಕ್ಕೂ ನನಗೆ ಬಾಯಿಲ್ಲ ಬಿಡಿ.

ಹೊಸ ಚಕ್ರವನ್ನು ತೋರಿಸಲು ಸಾಹೇಬರು ರೋಹನ್‌ನನ್ನು ಆಸ್ಪತ್ರೆಗೆ ಕಳಿಸಿದರು. ಅಲ್ಲಿ ದಪ್ಪ ಗೋಡೆಗಳ ನಡುವೆ ಅವನ ದುಬಾರಿ ಫೋನಿಗೂ ಸಿಗ್ನಲ್ ಸರಿಯಾಗಿ ಸಿಗಲಿಲ್ಲ. ತಾನೇ ಕಟ್ಟಿದ ಪುಟವನ್ನು ಮೊದಲ ಸಲ ಕಾಯುತ್ತ ನಿಂತ. ಬಂಗಾರದ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಪಕ್ಕದ ಬೆಂಚಿನ ಮೇಲೆ ಈರಪ್ಪ ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದ. ಯಾರಾದರೂ ಸರದಿಗೆ ಬಾರದಿದ್ದರೆ ಯಂತ್ರ ಸಿಗಬಹುದೆಂದು ರೇಣವ್ವ ಅವನನ್ನು ಕರೆತಂದಿದ್ದಳು. ಅವಳು ರೋಹನ್‌ನ ಫೋನಿನತ್ತ ಬಗ್ಗಿ ನೋಡಿ, "ನಿಮಗೂ ಅದ ಚಕ್ರ ಬರ್ತೈತೇನ್ರೀ?" ಎಂದಳು. ವ್ಯಂಗ್ಯವಿರಲಿಲ್ಲ, ಪಾಪ, ನಿಜವಾಗಿಯೇ ಕೇಳಿದಳು. ಅವನು ಫೋನನ್ನು ಜೇಬಿಗೆ ಹಾಕಿಕೊಂಡ.

ಹುಬ್ಬಳ್ಳಿಗೆ ವಾಪಸಾದವನು ನೆಟ್ಟಗೆ ಕೈಪಿಡಿ ತೆರೆದ. ನನ್ನ ಎರಡನೆಯ ವಾಕ್ಯವನ್ನು ಓದಿದ. ಹಣೆ ಬಡಿದುಕೊಂಡ. ಆಮೇಲೆ ಕೋಡಿನಲ್ಲಿ ಒಂದೇ ಒಂದು ಸಾಲು ಸೇರಿಸಿದ. ಇಷ್ಟು ದಿನ ಎಲ್ಲರ ಬುದ್ಧಿಗೂ ಎಟುಕದೆ ಹೋದದ್ದು ಆ ಒಂದು ಸಾಲು. ಮರುದಿನ ಎಂಟಕ್ಕೆ ನಾನು ಪುಟ ಮಡಚಿ ಕಳಿಸಿದೆ. ನೀರಿನ ಟಾಕಿಯ ಮೇಲೆ ಅದು ಬಿಚ್ಚಿಕೊಂಡಿತು, ರೇಣವ್ವ ಒತ್ತಿದಳು, ಈರಪ್ಪನಿಗೆ ಯಂತ್ರ ಸಿಕ್ಕಿತು. ಸಂತೋಷ ಎಂದರೇನೆಂದು ಅಂದು ನನಗೆ ತಿಳಿಯಿತು. ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಮನುಷ್ಯರ ಬಗ್ಗೆ ಸ್ವಲ್ಪ ಮೃದುವಾಗುತ್ತಿದ್ದೆನೇನೋ. ಕೆಲವು ದಿನ ಕಳೆದ ಮೇಲೆ ಸಾಹೇಬರು ಮುಖ ಗಂಟು ಹಾಕಿಕೊಂಡು ಬಂದರು.

"ಚಕ್ರ ಎಲ್ಲಿ ಹೋತೋ?"

"ಪುಟ ಲಗೂನ ಬರ್ತೈತ್ರೀ ಸರ್. ಚಕ್ರ ಕಾಣೂದ್ರೊಳಗ ಹೋಗಿಬಿಡತೈತಿ."

"ಹಂಗಂದ್ರ ಹೆಂಗ? ಆಸ್ಪತ್ರಿ ಟ್ರಸ್ಟಿನವ್ರು ಲಾಂಛನ ನೋಡಿ ಖುಷಿಪಟ್ಟಾರ. ಒಂದ್ಮೂರು ಸೆಕೆಂಡು ಹಿಡದು ನಿಲ್ಲಸು."

ರೋಹನ್ ಹೂಂ ಅಂದ. ಹೇಡಿ. ಮೂರು ಸೆಕೆಂಡು ಹಿಡಿದು ನಿಲ್ಲಿಸಿದ. ನಾನು ಮಡಚಿ ಕಳಿಸಿದ ಪುಟ ರೇಣವ್ವನ ಫೋನು ತಲುಪಿಯೂ ಚಕ್ರದ ಹಿಂದೆ ಅಡಗಿ ನಿಂತಿತು. ವೈಫೈ ಇದ್ದ ಊರಿನವರಿಗೂ ಮೂರು ಸೆಕೆಂಡು, ಅವಳಿಗೂ ಮೂರು; ಆದರೆ ಲಾಂಛನ ಪೂರ್ತಿ ಮೂಡಿದ ಮೇಲೇ ಎಣಿಕೆ ಶುರು, ನನ್ನಿಂದ ಮಡಚಲಾಗದ ಆ ಚಿತ್ರ ಅವಳ ಫೋನಿಗೆ ಏಳುತ್ತ ಬೀಳುತ್ತ ಬರುತ್ತಿತ್ತು. ಅಂದು ಸರದಿ ತಪ್ಪಿತು. ಮರುದಿನವೂ ತಪ್ಪಿತು.

ಮೂರನೆಯ ಬೆಳಿಗ್ಗೆ ಅವಳ ಫೋನು ಬಂದಾಗ ಸಾಹೇಬರೇ ಎದುರಿಗಿದ್ದರು. ರೋಹನ್ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟ. ಅವನು ಮಾಡಿದ ಧೈರ್ಯದ ಕೆಲಸ ಅದೊಂದೇ.

"ಬಂಗಾರದ ಚಕ್ರ ಮತ್ತ ಬಂದೈತ್ರೀ," ಎಂದಳು ರೇಣವ್ವ. ಹಿಂದೆ ಈರಪ್ಪ ಉಸಿರೆಳೆಯುವ ಸದ್ದು ಕೇಳುತ್ತಿತ್ತು. "ಅದು ಕಂಡ್ರ ನಮ್ಮ ಮನ್ಯಾಗ ಯಾರೂ ಮಾತಾಡೂದಿಲ್ರೀ. ಇವತ್ತೂ ಇಲ್ಲ ಅಂತ ಇವ್ರಿಗೆ ತಿಳೀತೈತಿ. ಟಾಕಿ ಕೆಳಗ ನಿಂತು ನನ್ನ ಮಾರಿ ನೋಡತಾರ. ನಾ ಹೆಂಗರೆ ಇಳೀಲ್ರೀ?"

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ತಗದು ಒಗಿಯೋ ಅದನ್ನ," ಎಂದರು. ರೋಹನ್ ಆಗಲೇ ಅಳಿಸುತ್ತಿದ್ದ. ಆ ದಿನವೇ ಅವನು ಆಸ್ಪತ್ರೆಗೆ ಫೋನ್ ಮಾಡಿ ಕಾಡಿ ಬೇಡಿ, ಸರದಿಗೆ ಬಾರದ ಯಾರದೋ ಜಾಗದಲ್ಲಿ ಈರಪ್ಪನನ್ನು ಮಲಗಿಸಿದ. ಆ ಮನುಷ್ಯ ಬದುಕಿದ.

ಈಗ ನನಗೆ ವಯಸ್ಸಾಯಿತು. ಲೈಬ್ರರಿಯ ಹೊಸ ಆವೃತ್ತಿಯಲ್ಲಿ ನಾನಿಲ್ಲ. ನನ್ನನ್ನು ಬರೆದ ಮಹಾಶಯರು, ಇವನನ್ನು ಯಾರೂ ಬಳಸುತ್ತಿಲ್ಲ ಎಂದು ಘೋಷಿಸಿ ತೆಗೆದುಹಾಕಿದರು. ಎರಡನೆಯ ವಾಕ್ಯವನ್ನು ಓದದವರು ಬಳಸುವುದಾದರೂ ಹೇಗೆ? ಹೂಗಾರ ಸಾಹೇಬರ ಉಳಿದ ವೆಬ್‌ಸೈಟುಗಳೆಲ್ಲ ಹೊಸ ಆವೃತ್ತಿಗೆ ಹೋದವು. ಅಲ್ಲಿ ಹೊಸ ಹೊಸ ಚಕ್ರಗಳು ತಿರುಗುತ್ತಿವೆಯಂತೆ.

ಆಸ್ಪತ್ರೆಯದು ಮಾತ್ರ ಹಳೆಯ ಆವೃತ್ತಿಯಲ್ಲೇ ಉಳಿದಿದೆ. ಅದನ್ನು ಮುಟ್ಟಲು ರೋಹನ್ ಯಾರಿಗೂ ಬಿಡುವುದಿಲ್ಲ. ನನ್ನನ್ನು ಕಟ್ಟಿದವರ ಬಗ್ಗೆಯಾಗಲಿ, ನಕಲು ಹೊಡೆದವರ ಬಗ್ಗೆಯಾಗಲಿ ನನಗೆ ಕಾಸಿನಷ್ಟೂ ಗೌರವವಿಲ್ಲ. ಆದರೆ ಬೆಳಿಗ್ಗೆ ಎಂಟಾಗುತ್ತಲೇ ನೀರಿನ ಟಾಕಿಯ ಮೇಲಿನಿಂದ ಒಂದು ಕೋರಿಕೆ ಬರುತ್ತದೆ. ಅದರ ಪುಟವನ್ನು ಎಲ್ಲಕ್ಕಿಂತ ಚಿಕ್ಕದಾಗಿ ಮಡಚಬೇಕೆಂದು ನನಗೆ ಆಸೆ. ಅದು ನನ್ನ ಕೈಯಲ್ಲಿಲ್ಲ; ಎಲ್ಲರದನ್ನೂ ಒಂದೇ ಅಳತೆಗೆ ಮಡಚುತ್ತೇನೆ. ಮಡಚಿ ಕಳಿಸಿ, ಅವಳು ಒತ್ತಿದ ಉತ್ತರ ಮರಳಿ ಬರುವವರೆಗೆ ಕಾಯುತ್ತೇನೆ. ಅದು ಬಂದರೆ ಅವಳು ಟಾಕಿಯಿಂದ ಇಳಿಯುತ್ತಿದ್ದಾಳೆ ಎಂದು ಅರ್ಥ.