ಒಡೆದ ಗಡಿಗೆಯ ಹೆಪ್ಪು

ಗಡಿಗೆಯನ್ನು ಎಷ್ಟು ವಾಲಿಸಿದರೂ ಮೊಸರು ಅಲುಗಲಿಲ್ಲ. ಸಣ್ಣಮ್ಮ ಇನ್ನಷ್ಟು ಬಗ್ಗಿಸಿದಳು. ಹುರಿದ ರಾಗಿಯಂಥ, ಹೊಗೆ ಹಿಡಿದ ಕಂಬಳಿಯಂಥ ವಾಸನೆ ಅಡುಗೆಮನೆ ತುಂಬಿತ್ತು. ಅದು ಅತ್ತೆಯ ಗಡಿಗೆಯ ವಾಸನೆ, ಈಗ ಈ ಮನೆಯಲ್ಲಿ ಇರಕೂಡದು. ಹೋದ ಮಳೆಗಾಲದಲ್ಲಿ ಅತ್ತೆ ಶಿವಮ್ಮ ತೀರಿಕೊಂಡಾಗ, ಮನೆಯ ಪದ್ಧತಿಯಂತೆ ಅವಳ ಮೊಸರಿನ ಗಡಿಗೆಯನ್ನು ಕಬಿನಿಯ ದಂಡೆಯಲ್ಲಿ ಸಣ್ಣಮ್ಮನೇ ಒಡೆದಿದ್ದಳು. ಅಂದಿನಿಂದ ಪಕ್ಕದ ಮನೆಯ ಕುಞ್ಞಮ್ಮನಿಂದ ಹೆಪ್ಪು ತರುವುದಾಗಿತ್ತು.

ಶಿವಮ್ಮ ಬದುಕಿರುವ ತನಕ ಸೊಸೆಗೆ ಆ ಗಡಿಗೆ ಮುಟ್ಟಗೊಟ್ಟಿರಲಿಲ್ಲ. ತಾನೇ ಹೆಪ್ಪು ಹಾಕಿ, ಮುಚ್ಚಿ, ಬೆರಳಿನ ಗೆಣ್ಣಿನಿಂದ ಗಡಿಗೆಯ ಮೈಯನ್ನು ಮೆಲ್ಲಗೆ ಬಡಿಯುತ್ತಿದ್ದಳು, ಒಳಗಿರುವ ಯಾರನ್ನೋ ಮಲಗಿಸುವಂತೆ. ಗಡಿಗೆ ಒಡೆದ ದಿನ ಸಣ್ಣಮ್ಮ ಎದೆ ಹಗುರಾಗಿ ಮನೆಗೆ ಬಂದಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ.

ಸಣ್ಣಮ್ಮನ ಕರುಳಿನಲ್ಲಿ ಹುಣ್ಣಿತ್ತು. ಆಸ್ಪತ್ರೆಯವರು ಪ್ರಯೋಗಕ್ಕೆಂದು ಕೊಡುತ್ತಿದ್ದ ಪುಡಿಯನ್ನು ತಣ್ಣೀರಲ್ಲಿ ಕದಡಿ ಕುಡಿಯಲು ಶುರುಮಾಡಿದ ಮೇಲೆ ರಕ್ತ ಹೋಗುವುದು ನಿಂತಿತ್ತು. ಅದು ಜೀವ ಇರುವ ಪುಡಿ, ಮೊಸರಲ್ಲಿರುವಂಥದೇ ಒಳ್ಳೆಯ ಬ್ಯಾಕ್ಟೀರಿಯಾ ಎಂದು ನಾದಿನಿಯ ಮಗಳು ಸೀತ ಹೇಳಿದ್ದಳು. ಅದನ್ನು ತಯಾರಿಸಿದ ಲ್ಯಾಬಿನಲ್ಲೇ ಅವಳ ಕೆಲಸ. ನಿನ್ನೆ ಕುಞ್ಞಮ್ಮನ ಮನೆಗೆ ಬೀಗವಿತ್ತು. ಜೀವ ಇದೆಯಲ್ಲ ಎಂದುಕೊಂಡು ಸಣ್ಣಮ್ಮ ಚಿಟಿಕೆ ಪುಡಿಯನ್ನೇ ಹಾಲಿಗೆ ಹಾಕಿದ್ದಳು.

ಮಧ್ಯಾಹ್ನ ಕೊಳವಳ್ಳಿಯ ಮನೆಗೆ ಬಂದ ಸೀತ ಗಡಿಗೆ ನೋಡಿ, ಲ್ಯಾಬಿನ ಜೀವಿಯನ್ನು ಹೀಗೆ ಮನೆಯಲ್ಲಿ ಬೆಳೆಸಬಾರದೆಂದು ರೇಗಿದಳು. ಸಣ್ಣಮ್ಮ ಕುಡುಗೋಲು ತಾಗಿ ಕುಯ್ದಿದ್ದ ಬೆರಳನ್ನು ಮುಂದೆ ಹಿಡಿದಳು. ಮೊಸರಿಗೆ ಅದ್ದಿದ್ದ ಬೆರಳು. ಉಳಿದ ಕಡೆಯೆಲ್ಲ ತೊಳೆದು ಹೋಗಿ, ಗಾಯದ ಬಾಯಿಗೆ ಮಾತ್ರ ತೆಳ್ಳನೆಯ ಬಿಳಿ ಪೊರೆ ಅಂಟಿತ್ತು.

"ಎಷ್ಟ್ ಉಜ್ಜುದ್ರೂ ಬುಡದಿಲ್ಲ ಕನ ಕೂಸು."

ಸೀತ ಬೆರಳನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಆ ಜೀವಿಯ ಮೈಮೇಲಿನ ಪ್ರೋಟೀನನ್ನು ತಾವು ಬದಲಿಸಿದ್ದೇವೆ, ಅದೊಂದು ಕೊಕ್ಕೆಯಿದ್ದ ಹಾಗೆ, ಗಾಯವಿರುವ ಕಡೆ ಮಾತ್ರ ಕಚ್ಚಿಕೊಂಡು ಕೂತು ಮಾಯಿಸುತ್ತದೆ ಎಂದಳು. ಆಮೇಲೆ ದನಿ ತಗ್ಗಿಸಿದಳು.

"ವಾಸ್ನೆ ಯಾರ್ದು ಅಂತ ಗೊತ್ತಾಯ್ತಾ ಅತ್ತೆ? ಅಜ್ಜಿ ಇದ್ದಾಗ ಒಂದ್ ಚಮಚ ಮೊಸ್ರ ಕೇಳಿ ಈಸ್ಕೊಂಡು ಲ್ಯಾಬ್‌ಗೆ ಹೋಗಿದ್ದೆ. ಕೊಕ್ಕೆ ನಮ್ದು. ಮೈಯೆಲ್ಲ ಅಜ್ಜಿ ಗಡಿಗೇದೇ."

ಸಣ್ಣಮ್ಮನ ಕೈ ಹೊಟ್ಟೆಯ ಮೇಲೆ ಹೋಯಿತು.

"ಸೊಸೇನ ಬುಟ್ಟಿರಕ್ಕೆ ಅಜ್ಜಿಗೆ ಆಗ್ನಿಲ್ಲ ಅನ್ನಿ," ಸೀತ ನಕ್ಕಳು. ಸಣ್ಣಮ್ಮ ನಗಲಿಲ್ಲ.

"ಈ ಮದ್ದು ಕುಡಿಯದ್ ಬುಟ್ರ?"

"ಹಿಡ್ಕೊಂಡಿರೋದು ಬುಟ್ಟೋಯ್ತದೆ. ರಕ್ತ ತಿರ್ಗಾ ಸುರುವಾಯ್ತದೆ."

ಹೊರಡುವ ಮುಂಚೆ ಸೀತ ಗಡಿಗೆಯನ್ನು ಒಲೆಯ ಮೇಲಿಟ್ಟು, ಮೊಸರು ಒಡೆದು ನೀರಾಗುವ ತನಕ ಕುದಿಸಿ, ಹಿತ್ತಿಲಲ್ಲಿ ಹೂತಳು. ವಾಸನೆ ಹೋಯಿತು. ಇನ್ನೂ ಏನಾದರೂ ಉಳಿದಿದ್ದರೆ ಅದೂ ಹೋಗಲೆಂದು ಸಣ್ಣಮ್ಮ ಬಾಗಿಲುಗಳನ್ನೆಲ್ಲ ತೆರೆದಿಟ್ಟಳು.

ಸಂಜೆ ಪುಡಿಯನ್ನು ನೀರಿಗೆ ಕದಡಿದಳು. ಲೋಟ ಕೈಯಲ್ಲೇ ಉಳಿಯಿತು. ಮೆಲ್ಲಗೆ ಮೂಸಿ ನೋಡಿದಳು. ಬರೀ ನೀರಿನ ವಾಸನೆ. ಹಿತ್ತಿಲ ಕಡೆಗೊಮ್ಮೆ ಕಣ್ಣು ಹೋಯಿತು. ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿದಳು.

ಲೋಟ ಕೆಳಗಿಟ್ಟು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ಬಿಳಿ ಪೊರೆ ಕಟ್ಟಿದ್ದ ಬೆರಳು ತಾನಾಗಿ ಮಡಚಿಕೊಂಡು, ಸೆರಗಿನ ಮೇಲೆ, ಗೆಣ್ಣಿನಿಂದ, ಮೆಲ್ಲಗೆ ಬಡಿಯತೊಡಗಿತು.