ಬ್ರಿಜಿತಾಬಾಯಿ ಊಟಕ್ಕೆ ಕೂತ ದಿನ

"ಬಾಯಿ, ಇವತ್ತು ಕೈ ಭಾಳ ಬಿಗಿ ಆತಲ್ರಿ. ನನ್ನ ಕಾಲು ಅಂದ್ರೆ ಲಾರಿ ಟೈರ್ ಅಂತ ತಿಳ್ಕೊಂಡೀರೇನು?"

"ಟೈರ್ ಆಗಿದ್ರೆ ಇಷ್ಟು ಕೂಗ್ತಿರಲಿಲ್ಲ. ಸುಮ್ಮನಿರಿ ಜಹಾಂಗೀರ್ ಸಾಬ್ರೆ."

ಯಲ್ಲಾಪುರದ ಹೆದ್ದಾರಿಯ ಹಿಂದಿನ ಓಣಿಯ ಆ ಮನೆಯಲ್ಲಿ ದಿನ ಬಿಟ್ಟು ದಿನ ಇಂಥ ಮಾತು ಕೇಳುತ್ತಿತ್ತು. ಮಂಚದ ಮೇಲೆ ಜಹಾಂಗೀರ್. ಅಂಕೋಲೆಯ ಘಟ್ಟದಲ್ಲಿ ಲಾರಿ ಓಡಿಸಿಯೇ ವಯಸ್ಸು ಕಳೆದವನು, ಈಗ ಸಕ್ಕರೆ ಕಾಯಿಲೆಯಿಂದ ಬಲಗಾಲು ಹುಣ್ಣಾಗಿ ಕೂತಿದ್ದ. ಕೆಳಗೆ ಮಣೆಯ ಮೇಲೆ ಬ್ರಿಜಿತಾಬಾಯಿ. ಸರ್ಕಾರಿ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಚರ್ಚಿನ ಸೇವಾತಂಡ ಸೇರಿ, ಹಾಸಿಗೆ ಹಿಡಿದವರ ಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದಳು. ಅದೇ ತನ್ನ ಪ್ರಾರ್ಥನೆ ಎಂದು ನಂಬಿದ್ದಳು, ಹೇಳಿಕೊಂಡು ತಿರುಗುವವಳಲ್ಲ. ಹುಣ್ಣು ಮೇಲೇರಿದರೆ ಪಾದವನ್ನೇ ತೆಗೆಯಬೇಕಾದೀತು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಅವಳ ಕೈ ಬಿದ್ದ ಮೇಲೆ ಕಪ್ಪು ಹಿಂದೆ ಸರಿದು, ಕೆಂಪು ಮಾಂಸ ಚಿಗುರತೊಡಗಿತ್ತು.

ಪಟ್ಟಿ ಕಟ್ಟಿ ಮುಗಿಯುವ ಹೊತ್ತಿಗೆ ಜಹಾಂಗೀರನ ಹೆಂಡತಿ ಜೈನಾಬ್ ಚಹಾ ತರುವಳು.

"ಬೇಡ ಜೈನಾಬ್. ನಮ್ಮದು ನಿಯಮ ಇದೆ, ಯಾರ ಮನೇಲೂ ಏನೂ ತಗೊಳ್ಳೋದಿಲ್ಲ."

ನಗುನಗುತ್ತಲೇ ಅನ್ನುವಳು. ಜೈನಾಬಳೂ ನಗುತ್ತಲೇ ಲೋಟವನ್ನು ಒಳಗೆ ಒಯ್ಯುವಳು. ಹೀಗೇ ನಡೆದುಕೊಂಡು ಬಂದಿತ್ತು.

ರಂಜಾನ್ ಹಬ್ಬದ ಮರುದಿನ ಜೈನಾಬ್ ಹೊಸ ಬಟ್ಟಲಲ್ಲಿ ಶೀರ್ ಖುರ್ಮಾ ಪಾಯಸ ತಂದಳು. ಮೇಲೆ ಗೋಡಂಬಿ, ಕೇಸರಿ.

"ಇದು ಚಾ ಅಲ್ರಿ ಬಾಯಿ, ಹಬ್ಬದ್ದು. ಒಂದು ಚಮಚ ಆದ್ರೂ..."

"ದೇವರು ನಿಮಗೆ ಒಳ್ಳೇದು ಮಾಡಲಿ. ಓಣಿಯ ಮಕ್ಕಳಿಗೆ ಕೊಟ್ಟುಬಿಡಿ," ಎಂದು ಬ್ರಿಜಿತಾಬಾಯಿ ಚೀಲ ಹೆಗಲಿಗೇರಿಸಿದಳು.

ಮುಂದಿನ ಸಲ ಹೋದಾಗ ಜಹಾಂಗೀರ್ ಕಾಲನ್ನು ಕಂಬಳಿಯೊಳಗೆ ಎಳೆದುಕೊಂಡ.

"ಸಾಕ್ರಿ ಬಾಯಿ. ಇನ್ನ ಬರಬ್ಯಾಡ್ರಿ."

"ಯಾಕೆ? ಗಾಯ ಇನ್ನೂ ಮಾಗಿಲ್ಲ."

"ಲಾರಿ ಓಡಿಸೋ ಕಾಲಕ್ಕ ದೊಡ್ಡ ದೊಡ್ಡ ಮನೀಗೆ ಹೋಗಿದೀನಿ. ಮೂಟೆ ಹೊರಸ್ತಾರ, ನೀರು ಕೇಳಿದ್ರ ಅಂಗಳದ ನಲ್ಲಿ ತೋರಸ್ತಾರ. ಬಾಯಿಬಿಟ್ಟು ಏನೂ ಅನ್ನೋದಿಲ್ಲ, ನಕ್ಕೋತನ ತೋರಸ್ತಾರ. ನೀವೂ ನಗ್ತೀರಿ."

"ಅಯ್ಯೋ, ನಾನು ಹಾಗಲ್ಲ! ನಿಮ್ಮ ಗಾಯ ಮುಟ್ಟುವವಳು ನಿಮ್ಮ ಲೋಟ ಮುಟ್ಟೋದಿಲ್ವಾ?"

"ಅದನ್ನೇ ನಾನೂ ಕೇಳೋದು," ಎಂದವನೇ ಗೋಡೆಯ ಕಡೆ ತಿರುಗಿ ಮಲಗಿದ. ಜೈನಾಬ್ ಒಲೆಯ ಮುಂದಿನಿಂದ ಏಳಲಿಲ್ಲ.

ಬ್ರಿಜಿತಾಬಾಯಿಗೆ ಅಳುವೂ ಬಂತು, ಸಿಟ್ಟೂ ಬಂತು. ಸೀದಾ ಕಾನ್ವೆಂಟಿಗೆ ಹೋದಳು. ತಂಡವನ್ನು ನೋಡಿಕೊಳ್ಳುವ ಸಿಸ್ಟರ್ ಪ್ರೆಸಿಲ್ಲಾ ಹಿತ್ತಲಲ್ಲಿ ಹಲಸಿನಕಾಯಿ ಹೆಚ್ಚುತ್ತಿದ್ದರು. ಎಲ್ಲವನ್ನೂ ಕೇಳಿ, ಮೇಣ ಮೆತ್ತಿದ ಕೈಗೆ ಎಣ್ಣೆ ಸವರುತ್ತಾ ಅಂದರು:

"ಒಂದು ಲೋಟ ಚಹಾ ಕುಡೀಬಹುದಿತ್ತಲ್ಲ ಬ್ರಿಜಿತಾ."

"ನಿಯಮ ಮಾಡಿದ್ದೇ ನಾವು! ಹಿಂದೆ ಒಬ್ಬ ಬಡ ಮುದುಕಿ ನಮಗೆ ಉಣಿಸೋಕೆ ಇದ್ದೊಂದು ಕೋಳಿ ಕೊಯ್ದದ್ದು ಮರೆತ್ರಾ? ಹೋದಲ್ಲೆಲ್ಲ ತಿನ್ನುತ್ತಾ ಕೂತರೆ ಬಡವರ ಗತಿ ಏನು?"

"ಮರೆತಿಲ್ಲ. ಕೋಳಿ ಉಳಿಸೋಕೆ ಮಾಡಿದ ನಿಯಮ ಅದು. ಹಬ್ಬದ ಪಾಯಸ ವಾಪಸ್ ಕಳಿಸೋಕಲ್ಲ."

"ಕೊಡೋಕೆ ಹೋದವಳು ತಗೊಂಡು ಬರೋದು ನನಗೆ ಸರಿ ಕಾಣೋದಿಲ್ಲ, ಸಿಸ್ಟರ್."

ಸಿಸ್ಟರ್ ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟರು. "ಪವಿತ್ರ ಗುರುವಾರ, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಫಾದರ್ ನಮ್ಮವರ ಪಾದ ತೊಳೆಯುವಾಗ, ನೀನೂ ಬಂದು ಕೂತ್ಕೋ ಅಂತ ಪ್ರತಿ ವರ್ಷ ಕರೀತೇನೆ. ಟವೆಲ್ ಹಿಡಿಯೋಕೆ ಮುಂದೆ ಬರ್ತಿ. ಕೂತ್ಕೊಳ್ಳೋಕೆ ಮಾತ್ರ ಬರೋದಿಲ್ಲ. ಯಾಕೆ?"

"ಅಯ್ಯಪ್ಪ! ಇನ್ನೊಬ್ಬರು ನನ್ನ ಕಾಲು ಹಿಡಿಯೋದಾ? ನಾಚಿಕೆ ಆಗ್ತದೆ."

"ಜಹಾಂಗೀರ್ ಸಾಬರಿಗೆ ಆಗೋದಿಲ್ವಾ?"

ಅಷ್ಟು ದಿನ ಬ್ರಿಜಿತಾಬಾಯಿ ಹುಣ್ಣು ನೋಡಿದ್ದಳು, ಕೀವು ನೋಡಿದ್ದಳು. ಊರೂರಿಗೆ ಸರಕು ಮುಟ್ಟಿಸಿದ ಗಂಡಸು ಪರಸ್ತ್ರೀಯ ಮಡಿಲ ಹತ್ತಿರ ಕೊಳೆತ ಕಾಲು ಚಾಚಿ ಕೂತಾಗ ಯಾಕೆ ಅಷ್ಟೊಂದು ತಮಾಷೆ ಮಾಡುತ್ತಿದ್ದ ಎಂಬುದನ್ನು ಮಾತ್ರ ನೋಡಿರಲಿಲ್ಲ. ಆ ಚಹಾ ಒಂದೇ ಇತ್ತು, ಅವನ ಮನೆಯಿಂದ ಅವಳಿಗೆ ಕೊಡಲು. ಅದನ್ನೂ ಅವಳು ಬೇಡವೆಂದಿದ್ದಳು.

ಮರುದಿನ ಮಧ್ಯಾಹ್ನ ಅವಳು ಊಟ ಮಾಡದೆ ಹೊರಟಳು. ಬಾಗಿಲಲ್ಲೇ ಹುಣ್ಣಿನ ವಾಸನೆ ಮೂಗಿಗೆ ಬಡಿಯಿತು. ಮನಸ್ಸು ಪಟ್ಟಿಯ ಕಡೆಗೇ ಎಳೆಯಿತು. ಆದರೂ ಚೀಲವನ್ನು ಬಾಗಿಲ ಮೂಲೆಯಲ್ಲಿಟ್ಟು ಹೊಸ್ತಿಲ ಮೇಲೆ ಕೂತಳು.

"ಜೈನಾಬ್, ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಊಟ ಏನಾದ್ರೂ ಇದೆಯಾ?"

ಜೈನಾಬ್ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಮತ್ತ ನಿಮ್ಮ ನಿಯಮ?"

"ಅದಕ್ಕೂ ಹಸಿವಾಗಿದೆ ಮಾರಾಯ್ತಿ."

ಜೈನಾಬ್ ಒಂದಿಷ್ಟು ತುಟಿ ಬಿಗಿಹಿಡಿದು ನೋಡಿದಳು, ಆಗಲಿಲ್ಲ. ನಕ್ಕುಬಿಟ್ಟಳು. ಚಾಪೆ ಹಾಸಿದಳು. ಅಕ್ಕಿರೊಟ್ಟಿ, ಬಂಗಡೆ ಸಾರು. ಸಾರು ಎಷ್ಟು ಖಾರವೆಂದರೆ ಮೊದಲ ತುತ್ತಿಗೇ ಬ್ರಿಜಿತಾಬಾಯಿಯ ಕಣ್ಣಲ್ಲಿ ನೀರು.

ಗೋಡೆಯ ಕಡೆಯಿಂದ ಧ್ವನಿ ಬಂತು: "ಮುಳ್ಳು ನೋಡ್ಕೊಂಡು ತಿನ್ನಾಕ ಹೇಳು."

ಸ್ವಲ್ಪ ಹೊತ್ತಿಗೆ ಮತ್ತೆ: "ಇನ್ನೊಂದು ರೊಟ್ಟಿ ಹಾಕು ಅವ್ರಿಗೆ. ಮನೀಗೆ ಬಂದ ಮೆಹಮಾನ್ ಕೇಳೋ ತನಕ ಕಾಯ್ತಾರೇನು?"

"ನೀವು ಮಲಕ್ಕೊಂಡೀರೋ, ನನ್ನ ತಾಟು ಎಣಿಸ್ತಿದೀರೋ?" ಬ್ರಿಜಿತಾಬಾಯಿ ಕೇಳಿದಳು.

"ಮನೀ ಯಜಮಾನ ಅಂದಮ್ಯಾಲ ಎರಡೂ ಮಾಡಬೇಕಾಗ್ತದ್ರಿ."

ಉಂಡು ತಾಟು ತೊಳೆಯಲು ಎದ್ದಳು. ಜೈನಾಬ್ ಕಸಿದುಕೊಂಡಳು. ಹಿತ್ತಲ ಬಾಗಿಲಲ್ಲಿ ತಂಬಿಗೆಯಿಂದ ಜೈನಾಬಳೇ ನೀರು ಹೊಯ್ದಳು. ಬ್ರಿಜಿತಾಬಾಯಿಯ ಕೈಗಳಿಗೆ ಸೋಪು ಹಚ್ಚಿ, ಬೆರಳ ಸಂದಿಯ ಸಾರಿನ ಎಣ್ಣೆ ಹೋಗುವ ತನಕ ಉಜ್ಜಿದಳು. 'ನಾನೇ ತೊಳಕೊಳ್ತೇನೆ' ಎಂಬ ಮಾತು ಬ್ರಿಜಿತಾಬಾಯಿಯ ಗಂಟಲ ತನಕ ಬಂತು. ನುಂಗಿಕೊಂಡಳು. ಮಕ್ಕಳ ಹಾಗೆ ಎರಡೂ ಕೈ ಚಾಚಿಕೊಂಡು ನಿಂತಿದ್ದಳು, ಮುಖವೆಲ್ಲ ಕೆಂಪಾಗಿತ್ತು.

ಒಳಗೆ ಬಂದಾಗ ಜಹಾಂಗೀರ್ ಎದ್ದು ಕೂತಿದ್ದ. ಕಂಬಳಿ ಸರಿಸಿ, ತಾನಾಗಿಯೇ ಕಾಲನ್ನು ಮಂಚದ ಅಂಚಿಗೆ ತಂದು ಇಟ್ಟುಕೊಂಡಿದ್ದ. ಅವಳು ಅವಸರದಿಂದ ಚೀಲಕ್ಕೆ ಕೈಹಾಕಿದಳು.

"ನಿಧಾನ್ರಿ ಬಾಯಿ, ನಿಧಾನ. ಉಂಡ ಮ್ಯಾಲೆ ಒಂದೀಟು ಕೂಡ್ರಿ," ಅಂದ ಜಹಾಂಗೀರ್. "ಈ ಕಾಲು ಎಲ್ಲಿಗೂ ಓಡಿ ಹೋಗೂದಿಲ್ಲ."