ಸಾಂಕೇತಿಕ ಚಿತ್ರ

ಮೊದಲು ನೋಡಿದವಳು ಪೀಪಿಯೇ. ಗಾಲಿಕುರ್ಚಿ ಗಾಜಿನ ಬಾಗಿಲು ದಾಟಿತೋ ಇಲ್ಲವೋ, ಕತ್ತು ಹಿಂದಕ್ಕೆ ಚೆಲ್ಲಿ, ಸ್ವಾಗತದ ಮೇಜಿನ ಹಿಂದಿದ್ದ ಹುಡುಗಿ ಬೆಚ್ಚಿಬೀಳುವ ಹಾಗೆ ಒಂದು ಕೂಗು ಹಾಕಿದಳು. ಹನ್ನೊಂದು ವರ್ಷದ ಈ ಮಗುವಿಗೆ ಮಾತು ಬಾರದು, ಖುಷಿಯಾದರೆ ಇದೊಂದೇ ಕೂಗು. ಶಾಲೆಯಲ್ಲಿ ಎಲ್ಲರೂ ಅವಳನ್ನು ಪೀಪಿ ಎನ್ನುವುದು ಅದಕ್ಕೇ.

"ಶ್! ಇದು ಆಫೀಸು ಕಣೇ," ಎಂದು ಅವಳ ಅಮ್ಮ ಗದರಿದಳು. ಗದರಿದವಳೇ ಮಗಳ ಕಣ್ಣು ಹೋದ ಕಡೆ ನೋಡಿ, ಇದ್ದಲ್ಲೇ ನಿಂತುಬಿಟ್ಟಳು.

ಎದುರಿನ ಗೋಡೆಯ ಮೇಲೆ, ನೆಲದಿಂದ ಚಾವಣಿಯವರೆಗೆ, ಪೀಪಿ ನಗುತ್ತಿದ್ದಳು.

ಜೊತೆಗೆ ಬಂದಿದ್ದ ಶಾಲೆಯ ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಬೇರೆ ಯಾವುದೋ ಮಗು ಇರಬಹುದೇನೋ. ಎಲ್ಲಿಯ ಬೇರೆ ಮಗು! ಅದೇ ಹಳದಿ ಫ್ರಾಕು, ನಾಲ್ಕು ಬಿಳಿ ಗುಂಡಿ, ಒಂದು ನೀಲಿ. ದರ್ಜಿ ಅಂಗಡಿಯಲ್ಲಿ ಗುಂಡಿ ಹಚ್ಚುವ ಕೆಲಸದ ಅಮ್ಮ, ಅಂಗಡಿಯಲ್ಲಿ ಉಳಿದ ಬಟ್ಟೆಯಲ್ಲಿ ಹೊಲಿದ ಫ್ರಾಕು. ಫೋಟೋ ತೆಗೆದವರು ಸ್ವತಃ ಟೀಚರೇ, ಹೋದ ವರ್ಷ, ಶಾಲೆಯ ಅಂಗಳದಲ್ಲಿ. ಅವತ್ತು ಪೀಪಿ ಕೂತಿದ್ದದ್ದು ಈಗ ಕೂತಿರುವ ಇದೇ ಕುರ್ಚಿಯಲ್ಲಿ. ಟೀಚರ ಗಂಡ ಹಳೇ ಸೈಕಲ್ಲಿನ ಚಕ್ರ ಹಾಕಿ, ಕಬ್ಬಿಣದ ಪೈಪು ಬೆಸೆದು ಮಾಡಿಕೊಟ್ಟ ಕುರ್ಚಿ. ಗೋಡೆಯ ಮೇಲಿನ ಪೀಪಿ ಮಾತ್ರ ಕರೀ ಮೆತ್ತೆಯ, ಮಿರಮಿರ ಮಿಂಚುವ ಮೋಟಾರು ಕುರ್ಚಿಯಲ್ಲಿ ಕೂತಿದ್ದಳು. ಕೆಳಗೆ ಅಂಗೈಯಗಲದ ಅಕ್ಷರಗಳು: 'ನಾವು ಕೊಟ್ಟ ಕುರ್ಚಿ, ಅವಳು ಗೆದ್ದ ದಾರಿ.' ಅದರ ಪಕ್ಕದಲ್ಲಿ ಕಂಪನಿಯ ಪ್ರತಿಷ್ಠಾನದ ಹೆಸರು.

ಏನು ಕೊಟ್ಟಿದ್ದರು ಇವರು? ಹೋದ ವರ್ಷ ನಲವತ್ತು ಪುಟದ ಅರ್ಜಿ ತುಂಬಿ ಕಳಿಸಿದ್ದಕ್ಕೆ 'ವಿಷಾದಿಸುತ್ತೇವೆ' ಎಂಬ ಎರಡು ಸಾಲಿನ ಪತ್ರ. ಅದು ಬಿಟ್ಟರೆ ಒಂದು ಮೊಳೆಯನ್ನೂ ಕೊಟ್ಟವರಲ್ಲ!

ಅಮ್ಮ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಓದಿ ಮುಗಿಸಿ ತಿರುಗಿದಾಗ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಕ್ಕಾ, ಈ ಕುರ್ಚಿ ಎಲ್ಲಿ?"

"ಅಯ್ಯೋ, ನಂಗೂ ಗೊತ್ತಿಲ್ಲ ಕಣೇ. ನಾನೂ ಈಗ್ಲೇ ನೋಡ್ತಿರೋದು."

"ಗೊತ್ತಿಲ್ಲ ಅಂದ್ರೆ? ಫೋಟೋ ತೆಗ್ದಿದ್ದು ನೀವಲ್ವಾ? ನಾನು ಕಣ್ಣಾರೆ ನೋಡ್ತಿದೀನಲ್ಲಾ ಅಕ್ಕಾ, ಕೂತಿದಾಳಲ್ಲಾ ಅದ್ರಲ್ಲಿ! ಫೋಟೋಗೆ ಅಂತ ಕೂರ್ಸಿ, ಆಮೇಲೆ ಯಾರಿಗೆ ಕೊಟ್ರಿ?"

ಕೆನ್ನೆಗೆ ಬಾರಿಸಿದ ಹಾಗಾಯಿತು ಟೀಚರಿಗೆ. ಐದು ವರ್ಷ ಈ ಮಗುವಿನ ಜೊಲ್ಲು ಒರೆಸಿದ್ದಾರೆ, ತುತ್ತು ಮಾಡಿ ಬಾಯಿಗಿಟ್ಟಿದ್ದಾರೆ. ಕಳ್ಳಿ ಎನ್ನಿಸಿಕೊಳ್ಳುವುದಕ್ಕೆ ಒಂದು ಗೋಡೆ ಸಾಕಾಯಿತು.

"ಹಂಗಾದ್ರೆ ಅವತ್ತು ಸರ್ಕಾರಿ ಆಫೀಸಲ್ಲಿ ಅವ್ರು ಅಂದಿದ್ದು ಇದ್ನೇನಾ?" ಅಮ್ಮ ಗೋಡೆಯ ಕಡೆ ಕೈ ತೋರಿಸಿದಳು. "ನಿನ್ ಮಗಳಿಗೆ ಆಗ್ಲೇ ಮೋಟಾರು ಕುರ್ಚಿ ಸಿಕ್ಕಿದೆ, ಕುರ್ಚಿ ಬೇಕಾದೋರ ಪಟ್ಟಿಯಿಂದ ಹೆಸರು ಹೊಡೆದಿದೀವಿ ಅಂದ್ರಲ್ಲ!"

ಆರು ತಿಂಗಳ ಹಿಂದಿನ ಮಾತು ಅದು. ಗುಮಾಸ್ತ ಯಾರದೋ ಹೆಸರಿಗೆ ಯಾರದೋ ಹೆಸರು ನೋಡಿರಬೇಕು ಎಂದು ಟೀಚರೇ ಸಮಾಧಾನ ಹೇಳಿದ್ದರು. ಇಬ್ಬರೂ ನಾಲ್ಕು ಸಲ ಅಲೆದು ಬಂದದ್ದೇ ಬಂತು. ಈ ಕಡೆ ಪೀಪಿ ಉದ್ದವಾಗುತ್ತಾ ಹೋದಳು. ಮಂಡಿ ಎರಡೂ ಮುಂದಿನ ಕಂಬಿಗೆ ಉಜ್ಜಿ ಉಜ್ಜಿ ಗಾಯ, ಮಾಯುವ ಮಾತೇ ಇಲ್ಲ. ಇನ್ನೊಂದು ವರ್ಷ ಹೀಗೇ ಕೂರಿಸಿದರೆ ಕಾಲು ನೆಟ್ಟಗಾಗುವುದೇ ಇಲ್ಲ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು.

"ಒಳಗೆ ಬರ್ಬೇಕಂತೆ," ಎಂದಳು ಸ್ವಾಗತದ ಹುಡುಗಿ.

ಅವರು ಬಂದಿದ್ದದ್ದು ವ್ಯಾನಿಗಾಗಿ. ಶಾಲೆಯ ಹಳೇ ವ್ಯಾನು ಕೆಟ್ಟು ಎರಡು ತಿಂಗಳಾಗಿತ್ತು. ನಡೆಯಲಾರದ ಹದಿನೇಳು ಮಕ್ಕಳಲ್ಲಿ ಈಗ ಬರುತ್ತಿದ್ದವರು ಐದೇ ಜನ, ಉಳಿದವರು ಮನೆಯಲ್ಲಿ ಸೂರು ನೋಡುತ್ತ ಮಲಗಿದ್ದರು. ಈ ವರ್ಷದ ಅರ್ಜಿ ಹೇಗೋ ಸಂದರ್ಶನದವರೆಗೆ ಬಂದಿತ್ತು. ಒಂದು ಮಗು, ಒಬ್ಬ ಪೋಷಕರು ಜೊತೆಗಿರಲಿ ಎಂದು ಬರೆದಿದ್ದರು.

ಒಳಗೆ ಉದ್ದನೆಯ ಮೇಜಿನ ಆಚೆ ಇಬ್ಬರಿದ್ದರು. ನಡುವಯಸ್ಸಿನ ಮುಖ್ಯಸ್ಥೆ, ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದ ಒಬ್ಬ ಅಧಿಕಾರಿ.

"ಅರೆ! ಇವಳೇ ಅಲ್ವಾ ನಮ್ಮ ಹುಡುಗಿ!" ಮುಖ್ಯಸ್ಥೆ ಎದ್ದೇ ನಿಂತರು. "ಎಷ್ಟು ದೊಡ್ಡವಳಾಗಿದಾಳೆ ನೋಡಿ!"

"ನಿಮ್ಮ ಹುಡುಗಿ ಹೆಂಗಾದ್ಲು ಮೇಡಂ?" ಎಂದರು ಟೀಚರು. "ನೀವು ನಮ್ಮ ಅರ್ಜೀನ ಬೇಡ ಅಂದವ್ರು. ಈ ಮಗೂಗೆ ಯಾವ ಕುರ್ಚೀನೂ ಕೊಟ್ಟಿಲ್ಲ."

"ಅದು ಸಾಂಕೇತಿಕ ಚಿತ್ರ," ಎಂದ ಅಧಿಕಾರಿ, ನೀರು ಕುಡಿದಷ್ಟು ಸಲೀಸಾಗಿ. "ಮಗು ನಗು ತುಂಬಾ ಚೆನ್ನಾಗಿತ್ತು. ಕುರ್ಚಿ ಮಾತ್ರ, ತಪ್ಪು ತಿಳ್ಕೋಬೇಡಿ, ನೋಡೋ ಹಾಗಿರಲಿಲ್ಲ. ಕಂಪ್ಯೂಟರಲ್ಲಿ ಬದಲಾಯಿಸಿದ್ವಿ."

"ಮತ್ತೆ ಸರ್ಕಾರದ ಪಟ್ಟಿಯಿಂದ ಇವಳ ಹೆಸರು ಹೊಡೆದಿದ್ದು?"

"ನಮ್ಮ ವರದಿ ಅವರಿಗೂ ಹೋಗುತ್ತೆ. ಫೋಟೋದಲ್ಲಿ ಇರೋರ ಹೆಸರು ಫಲಾನುಭವಿಗಳ ಪಟ್ಟಿಗೆ ತಾನಾಗೇ ಸೇರಿಬಿಡುತ್ತೆ. ಒಬ್ಬರಿಗೇ ಎರಡೆರಡು ಸಲ ಸಿಗಬಾರದು ನೋಡಿ."

ಅಮ್ಮ ಮೇಜಿನ ಹತ್ತಿರ ಬಂದಳು. "ಯಾರನ್ನ ಕೇಳಿ ಹಾಕಿದ್ರಿ ಸಾರ್?"

ಆತ ಲ್ಯಾಪ್‌ಟಾಪ್ ತಿರುಗಿಸಿದ. ಹೋದ ವರ್ಷದ ಅರ್ಜಿ, ಮೂವತ್ತೊಂದನೇ ಪುಟ. 'ಲಗತ್ತಿಸಿದ ಚಿತ್ರಗಳನ್ನು ಪ್ರತಿಷ್ಠಾನವು ಬಳಸಿಕೊಳ್ಳಬಹುದು. ಪೋಷಕರ ಒಪ್ಪಿಗೆ ಪಡೆಯಲಾಗಿದೆ.' ಎದುರಿನ ಚೌಕದಲ್ಲಿ ಟಿಕ್ ಗುರುತು.

ಅಮ್ಮ ಅದನ್ನೂ ಕೂಡಿಸಿ ಓದಿದಳು. "ಒಪ್ಪಿಗೆ ಪಡೆಯಲಾಗಿದೆ," ಎಂದು ಮತ್ತೊಂದು ಸಲ ಜೋರಾಗಿ ಓದಿದಳು. "ನನ್ನನ್ನ ಯಾವಾಗ ಕೇಳಿದ್ರಿ ಅಕ್ಕಾ?"

ಟೀಚರಿಗೆ ಆ ಸಂಜೆ ನೆನಪಿತ್ತು. ಕೊನೆಯ ದಿನ, ನೂರೆಂಟು ಚೌಕಗಳು, ಎಲ್ಲಕ್ಕೂ ಹೌದು ಹೌದು ಎಂದು ಒತ್ತುತ್ತ ಹೋಗಿದ್ದರು. ಸುಳ್ಳು ಹೇಳಬಹುದಿತ್ತು. ಆದರೆ ಈಗ ಯಾವ ಸುಳ್ಳು ತಾನೇ ನಿಂತೀತು?

"ಕೇಳ್ಲಿಲ್ಲ," ಎಂದರು. "ಕೇಳ್ಬೇಕು ಅಂತ ಹೊಳೀಲೇ ಇಲ್ಲ ಕಣೇ."

ಈ ಮಾತು ಹೊರಬಿದ್ದ ಮೇಲೆ ಅದರ ಕೆಟ್ಟತನ ಅವರಿಗೇ ಕೇಳಿಸಿತು. ಕಳ್ಳಿ ಎನ್ನಿಸಿಕೊಂಡದ್ದೇ ವಾಸಿಯಿತ್ತು.

ಮುಖ್ಯಸ್ಥೆ ಗಂಟಲು ಸರಿಮಾಡಿಕೊಂಡರು. ನೋಡಿ, ಆದದ್ದಾಯಿತು, ವ್ಯಾನು ಇವತ್ತೇ ಮಂಜೂರು ಮಾಡುತ್ತೇವೆ ಎಂದರು. ಚಿತ್ರ ಹಾಗೇ ಮುಂದುವರಿಯಲು ತಾಯಿಯ ಸಹಿ ಒಂದಿದ್ದರೆ ಯಾರಿಗೂ ತೊಂದರೆಯಿಲ್ಲ.

"ಕುರ್ಚಿ ಸಿಕ್ಕಿದೋರ ಪಟ್ಟಿಯಿಂದ ಇವಳ ಹೆಸರು ತೆಗೀತೀರಾ?" ಎಂದು ಕೇಳಿದಳು ಅಮ್ಮ.

"ವರದಿ ಅಚ್ಚಾಗಿಹೋಗಿದೆಯಲ್ಲಮ್ಮಾ. ಮುಂದಿನ ವರ್ಷ ನೋಡೋಣ."

ಅಮ್ಮ ಟೀಚರ ಮುಖ ನೋಡಿದಳು. ಈಗಲಾದರೂ ಏನಾದರೂ ಹೇಳಿ ಎಂಬ ನೋಟ ಅದು. ಹೇಳಬೇಕಿತ್ತು. ಹೆಸರು ತೆಗೆಯದಿದ್ದರೆ ನಿಮ್ಮ ವ್ಯಾನೇ ಬೇಡ ಎಂದು ಎದ್ದುಬರಬೇಕಿತ್ತು. ಆದರೆ ಟೀಚರ ಕಣ್ಣ ಮುಂದೆ ಮನೆಗಳಲ್ಲಿ ಮಲಗಿದ್ದ ಮಕ್ಕಳು ಬಂದರು, ಹೊಸ ವ್ಯಾನಿನ ಬಾಗಿಲೂ ಬಂತು. ಅವರು ಮೇಜಿನ ಅಂಚು ನೋಡಿದರು. ಒಂದೇ ಗಳಿಗೆ, ಅಷ್ಟೇ. ಅಮ್ಮನಿಗೆ ಅಷ್ಟು ಸಾಕಾಯಿತು.

"ಕೊಡಿ ಪೆನ್ನು," ಎಂದಳು.

"ಬೇಡ ಕಣೇ, ಒಂದ್ನಿಮಿಷ..."

"ಬೇರೆ ಮಕ್ಕಳ ವ್ಯಾನಿಗೆ ನಾನು ಕಲ್ಲು ಹಾಕಲ್ಲ ಮೇಡಂ." ಐದು ವರ್ಷದಲ್ಲಿ ಒಮ್ಮೆಯೂ ಅವಳು ಟೀಚರನ್ನು ಮೇಡಂ ಎಂದಿರಲಿಲ್ಲ. ಅಕ್ಷರ ಬಿಡಿಸಿ ಬಿಡಿಸಿ ಸಹಿ ಮಾಡಿದಳು. "ಹದಿನಾರು ಸೀಟು ಸಾಕು ಅನ್ನಿ. ನಾಳೆಯಿಂದ ಇವಳು ಬರಲ್ಲ."

ಮಂಜೂರಾತಿ ಪತ್ರ ಟೀಚರ ಕೈಗೆ ಬಂತು. ಅದನ್ನು ಎಲ್ಲಿಡಬೇಕೆಂದೇ ಅವರಿಗೆ ತೋಚಲಿಲ್ಲ.

ಹೊರಗೆ ಚಿತ್ರದ ಕೆಳಗೆ ಫೋಟೋದವನು ಆಗಲೇ ಕಾಯುತ್ತಿದ್ದ. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಕಾವಲುಗಾರ ಒಂದು ಕುರ್ಚಿ ತಳ್ಳಿಕೊಂಡು ಬಂದ. ಕರೀ ಮೆತ್ತೆ, ಮಿಂಚುವ ಚಕ್ರ. ಗೋಡೆಯ ಮೇಲಿನದ್ದೇ! ಪೀಪಿ ಕೂಗಿದ ಕೂಗಿಗೆ ಇಡೀ ಕಟ್ಟಡದವರು ತಿರುಗಿ ನೋಡಿರಬೇಕು.

ಅಮ್ಮ ಬೇಡ ಎನ್ನಲು ಹೋದವಳು ಮಗಳ ಮುಖ ನೋಡಿ ಸುಮ್ಮನಾದಳು. ಅವಳೇ ಎತ್ತಿ ಕೂರಿಸಿದಳು. ಕಾಲು ಚಾಚಲು ಜಾಗವಿತ್ತು. ಮಂಡಿ ಎಲ್ಲಿಯೂ ತಾಗಲಿಲ್ಲ. ಪೀಪಿಯ ಮೈಯಲ್ಲಿ ಹೇಳಿದ ಮಾತು ಕೇಳುವುದು ಬಲಗೈಯೊಂದೇ. ಅದು ಕುರ್ಚಿಯ ಹಿಡಿಯನ್ನು ತಾನೇ ಹುಡುಕಿಕೊಂಡಿತು. ಕುರ್ಚಿ ಗುಂಯ್ ಎಂದು ಒಂದು ಮಾರು ಮುಂದೆ ಹೋಯಿತು. ಹುಟ್ಟಿದಾಗಿನಿಂದ ಅವಳು ತಾನಾಗಿ ಎಲ್ಲಿಗಾದರೂ ಹೋದದ್ದು ಅದೇ ಮೊದಲು. ಫೋಟೋದವನು ಕ್ಲಿಕ್ಕಿಸಿದ, ಮುಖ್ಯಸ್ಥೆ ಚಪ್ಪಾಳೆ ತಟ್ಟಿದರು.

"ಆಯ್ತಮ್ಮಾ, ಇಳಿಸ್ಕೊಳ್ಳಿ," ಎಂದ ಕಾವಲುಗಾರ. ನೋಡಲಾರದೆ ಅವನೇ ಮುಖ ಆಚೆ ತಿರುಗಿಸಿಕೊಂಡಿದ್ದ. "ಪ್ರದರ್ಶನಕ್ಕೆ ಇಟ್ಟಿರೋದು ಇದು."

ಅಮ್ಮ ಕದಲಲಿಲ್ಲ. ಸೆರಗು ಬಿಗಿದು, ಕೈ ಕಟ್ಟಿ ನಿಂತಳು.

"ನೀವೇ ಇಳಿಸಿ ಮೇಡಂ," ಎಂದಳು.

ಟೀಚರ್ ಮಂಡಿಯೂರಿದರು. "ಬಾ ಪುಟ್ಟಾ, ಸಾಕು," ಎನ್ನುತ್ತ ಹಿಡಿಯಿಂದ ಕಿರುಬೆರಳು ಬಿಡಿಸಿದರು. ಏನೋ ಆಟವೆಂದುಕೊಂಡು ಪೀಪಿ ನಕ್ಕಳು. ಎರಡನೆಯದನ್ನು ಬಿಡಿಸಿದಾಗಲೂ ನಕ್ಕಳು. ಮೂರನೆಯದಕ್ಕೆ ಅಮ್ಮನ ಮುಖ ನೋಡಿದಳು. ನಾಲ್ಕನೆಯ ಬೆರಳು ಬಿಡಿಸುವಷ್ಟರಲ್ಲಿ ಕಿರುಬೆರಳು ಮತ್ತೆ ಹಿಡಿಗೆ ಸುತ್ತಿಕೊಂಡಿತ್ತು.